ಕಚೇರಿಗೆ ಎಐ ಬರುತ್ತಿದೆ, ಹೆದರಬೇಕೇ? ಅನುಭವ ಇರುವವರು ಹೇಳಿ

ಪ್ರಶ್ನೆ

ನಾನು 19 ವರ್ಷಗಳಿಂದ ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಪೂರೈಕೆದಾರರ ಬಿಲ್ಲುಗಳನ್ನು ಖರೀದಿ ಆದೇಶದೊಂದಿಗೆ ತಾಳೆ ನೋಡಿ, ಸರಿಯಿದ್ದರೆ ಪಾವತಿಗೆ ಕಳುಹಿಸುವುದು ನನ್ನ ಕೆಲಸ. ಇನ್ನು ಮೂರು ತಿಂಗಳಲ್ಲಿ ಬಿಲ್ಲು ಓದುವ ಎಐ ವ್ಯವಸ್ಥೆ ಬರುತ್ತದೆ ಎಂದು ಕಳೆದ ಸೋಮವಾರದ ಸಭೆಯಲ್ಲಿ ಹೇಳಿದರು. ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂದೂ ಹೇಳಿದರು. ಆದರೆ ಆ ಮಾತು ಹೇಳುವಾಗ ಒಬ್ಬರೂ ನಮ್ಮ ಮುಖ ನೋಡಲಿಲ್ಲ. ಅಂದಿನಿಂದ ನಿದ್ದೆ ಹತ್ತುತ್ತಿಲ್ಲ. ನನಗೀಗ 46 ವರ್ಷ. ಈ ವಯಸ್ಸಿನಲ್ಲಿ ಪ್ರೋಗ್ರಾಮಿಂಗ್ ಕಲಿಯಲು ನನ್ನಿಂದಾಗದು. ನಿಮ್ಮಲ್ಲಿ ಇದು ಈಗಾಗಲೇ ಬಂದಿದ್ದರೆ ಏನಾಯಿತು ಎಂದು ತಿಳಿಸಿ. ಸಮಾಧಾನದ ಮಾತು ಬೇಡ, ನಡೆದದ್ದು ಬೇಕು.

ನಿವೃತ್ತ ಲೆಕ್ಕಪರಿಶೋಧಕ

ತಂಗೀ, ನಾನು ಎಐ ಜೊತೆ ಕೆಲಸ ಮಾಡಿದವನಲ್ಲ. ಆದರೆ ನೀವು ಈಗ ನಿಂತಿರುವ ಜಾಗದಲ್ಲಿ ನಾನೂ ಒಮ್ಮೆ ನಿಂತಿದ್ದೆ.

ನಾನು ಕೆಲಸಕ್ಕೆ ಸೇರಿದಾಗ ಮೇಜಿನಗಲದ ಹಾಳೆಗಳಲ್ಲಿ ಪೆನ್ಸಿಲಿನಿಂದ ಬಜೆಟ್ ಬರೆಯುತ್ತಿದ್ದೆವು. ಒಂದು ಅಂಕಿ ಬದಲಾದರೆ ಅಡ್ಡಸಾಲಿನ ಮೊತ್ತ, ಕಂಬಸಾಲಿನ ಮೊತ್ತ, ಕೊನೆಯ ಒಟ್ಟು ಎಲ್ಲವನ್ನೂ ಅಳಿಸಿ ಮತ್ತೆ ಕೂಡಬೇಕು. ಉಜ್ಜಿ ಉಜ್ಜಿ ಹಾಳೆ ತೂತು ಬಿದ್ದದ್ದೂ ಉಂಟು. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ 1979ರಲ್ಲಿ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟನ್ನು, ಅಂದರೆ ಅಡ್ಡಸಾಲು ಕಂಬಸಾಲುಗಳಲ್ಲಿ ಲೆಕ್ಕ ಹಾಕುವ ಕಂಪ್ಯೂಟರ್ ತಂತ್ರಾಂಶವನ್ನು, ಹೊರತಂದಿದ್ದರು. ಅಂಥದ್ದು ನಮ್ಮ ವಿಭಾಗಕ್ಕೆ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಒಂದು ಚೌಕದೊಳಗಿನ ಅಂಕಿ ಬದಲಿಸಿದ ಕೂಡಲೇ ಇಡೀ ಪರದೆಯ ಮೊತ್ತಗಳು ತಾವಾಗಿಯೇ ಬದಲಾದವು. ನನ್ನ ಪಕ್ಕದ ಹಿರಿಯರು ಅದನ್ನು ನೋಡಿ, "ನಮ್ಮ ಅನ್ನಕ್ಕೆ ಕಲ್ಲು ಬಿತ್ತು" ಎಂದರು. ನನಗೂ ಹಾಗೇ ಅನ್ನಿಸಿತ್ತು.

ಆಮೇಲೆ ಆದದ್ದು ಬೇರೆ. ಅಲ್ಲಿಯವರೆಗೆ ನಮ್ಮ ಮುಖ್ಯಸ್ಥರು "ಬಡ್ಡಿ ಅರ್ಧ ಶೇಕಡಾ ಏರಿದರೆ ಏನಾಗುತ್ತದೆ?" ಎಂದು ಕೇಳುತ್ತಲೇ ಇರಲಿಲ್ಲ, ಏಕೆಂದರೆ ಉತ್ತರಕ್ಕೆ ಎರಡು ದಿನ ಬೇಕಿತ್ತು. ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ ಎಂದು ಗೊತ್ತಾದ ಮೇಲೆ ದಿನಕ್ಕೆ ಹತ್ತು ಸಲ ಕೇಳತೊಡಗಿದರು. ಕೂಡುವ ಕೆಲಸ ಹೋಯಿತು, ಅಂಕಿಯ ಹಿಂದಿನ ಕಾರಣ ಹೇಳುವ ಕೆಲಸ ಬಂತು. ಬರೀ ಕೂಡುವುದಕ್ಕೆಂದೇ ಇದ್ದ ಗುಮಾಸ್ತರ ಹುದ್ದೆಗಳು ಕ್ರಮೇಣ ಕಡಿಮೆಯಾದದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಕಲ್ಲು ಬಿತ್ತು ಎಂದ ಆ ಹಿರಿಯರು ಮಾತ್ರ ನಿವೃತ್ತಿಯವರೆಗೂ ಅದೇ ಕುರ್ಚಿಯಲ್ಲಿದ್ದರು. ಯಾವ ಅಂಕಿ ಅನುಮಾನಕ್ಕೆ ಎಡೆಮಾಡುತ್ತದೆ ಎಂದು ಅವರಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ.

ಬ್ಯಾಂಕುಗಳ ಎಟಿಎಂ ಕಥೆಯೂ ಇದಕ್ಕೆ ಹತ್ತಿರದ್ದು. ಅಮೆರಿಕದ ಅರ್ಥಶಾಸ್ತ್ರಜ್ಞ ಜೇಮ್ಸ್ ಬೆಸೆನ್ ಅಲ್ಲಿನ ಬ್ಯಾಂಕುಗಳನ್ನು ಅಧ್ಯಯನ ಮಾಡಿ ತೋರಿಸಿದ್ದು ಇಷ್ಟು: 1988ರಿಂದ 2004ರ ನಡುವೆ ನಗರದ ಒಂದು ಶಾಖೆಗೆ ಸರಾಸರಿ 20 ಇದ್ದ ಕೌಂಟರ್ ಸಿಬ್ಬಂದಿ 13ಕ್ಕೆ ಇಳಿದರು. ಆದರೆ ಶಾಖೆ ನಡೆಸುವ ಖರ್ಚು ಇಳಿದದ್ದರಿಂದ ಬ್ಯಾಂಕುಗಳು ಇನ್ನಷ್ಟು ಶಾಖೆಗಳನ್ನು ತೆರೆದವು, ಹಾಗಾಗಿ ಒಟ್ಟು ಸಿಬ್ಬಂದಿ ಕಡಿಮೆಯಾಗಲಿಲ್ಲ. ಹಣ ಎಣಿಸುತ್ತಿದ್ದವರು ಗ್ರಾಹಕರೊಂದಿಗೆ ಕುಳಿತು ಮಾತನಾಡುವವರಾದರು. ಮುಂದೆ ಮೊಬೈಲಿನಲ್ಲೇ ಬ್ಯಾಂಕಿಂಗ್ ಬಂದ ಮೇಲೆ ಅವರ ಸಂಖ್ಯೆಯೂ ಇಳಿದಿದೆ. ಆದರೂ ಅದಕ್ಕೆ ದಶಕಗಳೇ ಹಿಡಿದವು. ಜನರಿಗೆ ಕಲಿಯಲು, ಬೇರೆ ಕೆಲಸಕ್ಕೆ ಸರಿಯಲು ಸಮಯ ಸಿಕ್ಕಿತು.

ಅನುವಾದಕಿ

ಮೇಡಂ, ಯಂತ್ರ ಬಂದರೆ ಮೊದಲು ಹೋಗುವುದು ಅನುವಾದಕರ ಕೆಲಸ ಎಂದು ನಾನು ಕೇಳುತ್ತಲೇ ಬಂದಿದ್ದೇನೆ. ಹಾಗಾಗಿ ನಿಮ್ಮ ಹೆದರಿಕೆ ನನಗೆ ಹೊಸದಲ್ಲ. ನನಗೆ ಧೈರ್ಯ ಬಂದದ್ದು ಒಂದು ಮಧ್ಯಾಹ್ನ, ಒಂದೇ ಒಂದು ವಾಕ್ಯದಿಂದ.

ವಯಸ್ಸಾದ ರೋಗಿಗಳಿಗೆ ಕೊಡುವ ಎರಡು ಪುಟದ ಸೂಚನಾಪತ್ರ. ಯಂತ್ರ ಮಾಡಿದ ಅನುವಾದವನ್ನು ತಿದ್ದಲು ನನಗೆ ಕಳುಹಿಸಿದ್ದರು. ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ. ಆದರೆ ಮೊದಲ ಸಾಲಿನಲ್ಲಿ "ನೀವು" ಎಂದದ್ದು ಮೂರನೆಯ ಸಾಲಿನಲ್ಲಿ "ನೀನು" ಆಗಿದೆ. "ತಲೆ ಹಗುರವಾದರೆ ಕುಳಿತುಕೊಳ್ಳಿ" ಎಂದಿದೆ. ಮೂಲದಲ್ಲಿದ್ದದ್ದು ತಲೆ ಸುತ್ತುವುದರ ಮಾತು. ನಮ್ಮ ಭಾಷೆಯಲ್ಲಿ ತಲೆ ಹಗುರವಾಯಿತು ಎಂದರೆ ಭಾರ ಇಳಿಯಿತು, ಹಾಯೆನಿಸಿತು ಎಂದಲ್ಲವೇ? ತಲೆ ಸುತ್ತಿ ಬೀಳುವ ಸ್ಥಿತಿಯಲ್ಲಿರುವ ಅಜ್ಜಿ ಆ ಸಾಲು ಓದಿ ತನಗಲ್ಲ ಎಂದುಕೊಳ್ಳುತ್ತಾರೆ. ಯಂತ್ರಕ್ಕೆ ಆ ಅಜ್ಜಿ ಕಾಣಿಸುವುದಿಲ್ಲ, ನನಗೆ ಕಾಣಿಸಿದರು.

ಇದಕ್ಕೆ ಕಾರಣ ಇದೆ, ತಿಳಿದುಕೊಂಡರೆ ಭಯ ಅರ್ಧ ಇಳಿಯುತ್ತದೆ. ಹೀಗೆ ಅನುವಾದಿಸುವ, ಬರೆಯುವ ಎಐಗಳನ್ನು ಭಾಷಾ ಮಾದರಿಗಳು ಎನ್ನುತ್ತಾರೆ. ಅವು ಅಪಾರ ಪಠ್ಯವನ್ನು ನೋಡಿ, ಒಂದು ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂದು ಕಲಿತಿರುತ್ತವೆ. ಸರಾಗವಾಗಿ ಬರೆಯುವುದು ಅವಕ್ಕೆ ಸುಲಭ. ಬರೆದದ್ದು ನಿಜವೋ ಅಲ್ಲವೋ ಎಂಬುದಕ್ಕೆ ಆ ಸರಾಗತೆ ಖಾತರಿಯಲ್ಲ. 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದರಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ಉಲ್ಲೇಖಿಸಿದರು. ಅಂಥ ತೀರ್ಪುಗಳೇ ಇರಲಿಲ್ಲ. ನ್ಯಾಯಾಧೀಶರು 5,000 ಡಾಲರ್ ದಂಡ ಹಾಕಿದರು. ದಂಡ ಬಿದ್ದದ್ದು ವಕೀಲರಿಗೆ, ಚಾಟ್‌ಜಿಪಿಟಿಗಲ್ಲ. ಸಹಿ ಹಾಕುವವರು ಇರಲೇಬೇಕು, ಸಹಿಗೆ ಮುನ್ನ ಓದುವವರೂ ಇರಬೇಕು.

ಹಣದ ವಿಷಯವನ್ನೂ ಹೇಳಿಬಿಡುತ್ತೇನೆ. ಸರಳ ಕಡತಗಳಿಗೆ ಪುಟದ ಲೆಕ್ಕದಲ್ಲಿ ಸಿಗುತ್ತಿದ್ದ ದರ ಇಳಿದಿದೆ. ಅದು ನೋವಿನ ಸಂಗತಿ. ನಾನು ಅಂಥ ಕೆಲಸ ಬಿಟ್ಟು ವೈದ್ಯಕೀಯ, ಕಾನೂನು ಕಡತಗಳ ಪರಿಶೀಲನೆಗೆ ಸರಿದೆ. ಸರಿಯಲು ಒಂದು ವರ್ಷ ಬೇಕಾಯಿತು.

ಸ್ಕ್ಯಾನಿಂಗ್ ವಿಭಾಗದ ತಂತ್ರಜ್ಞ

ಚುಟುಕಾಗಿ ಹೇಳುತ್ತೇನೆ. ಎಐ ಸಂಶೋಧನೆಯ ದಿಗ್ಗಜ ಜೆಫ್ರಿ ಹಿಂಟನ್ 2016ರಲ್ಲಿ, ಸ್ಕ್ಯಾನ್ ಚಿತ್ರ ನೋಡಿ ರೋಗ ಗುರುತಿಸುವ ವೈದ್ಯರಾದ ರೇಡಿಯಾಲಜಿಸ್ಟ್‌ಗಳಿಗೆ ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಬೇಕು, ಐದು ವರ್ಷದಲ್ಲಿ ಯಂತ್ರವೇ ಅವರಿಗಿಂತ ಚೆನ್ನಾಗಿ ನೋಡುತ್ತದೆ ಎಂಬರ್ಥದ ಮಾತು ಹೇಳಿದರು. ಅದು ಎಷ್ಟು ಮಂದಿ ವಿದ್ಯಾರ್ಥಿಗಳ ನಿದ್ದೆ ಕೆಡಿಸಿತೋ. ನಮ್ಮ ವಿಭಾಗದಲ್ಲಿ ಈಗ ಎಐ ಇದೆ. ರಾತ್ರಿ ಬಂದ ಚಿತ್ರಗಳಲ್ಲಿ ಮಿದುಳಿನ ರಕ್ತಸ್ರಾವದ ಅನುಮಾನ ಇರುವುದನ್ನು ಸರದಿಯ ಮೇಲಕ್ಕೆ ತಂದಿಡುತ್ತದೆ, ಅದು ನಿಜಕ್ಕೂ ಉಪಕಾರ. ವೈದ್ಯರು ಮೊದಲಿಗಿಂತ ಹೆಚ್ಚು ಸ್ಕ್ಯಾನ್ ನೋಡುತ್ತಿದ್ದಾರೆ, ಆದರೂ ಸರದಿ ಕರಗುತ್ತಿಲ್ಲ. ರೋಗಿ ಹೋದ ವರ್ಷ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರೇ, ಚಿತ್ರದಲ್ಲಿ ಕಾಣುವ ಕಲೆ ಹಳೆಯದೇ ಹೊಸದೇ ಎಂದು ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿ ಚರ್ಚಿಸುವುದು ಇಂದಿಗೂ ವೈದ್ಯರೇ.

ಗ್ರಾಹಕ ಸಹಾಯವಾಣಿಯ ಮೇಲ್ವಿಚಾರಕ

ಅಕ್ಕ, ನಿಮ್ಮ ವಯಸ್ಸಿನ ಬಗ್ಗೆ ಒಂದು ಮಾತು. ನಮ್ಮಲ್ಲಿ ಕರೆ ನಡೆಯುತ್ತಿರುವಾಗಲೇ ಉತ್ತರ ಸೂಚಿಸುವ ಎಐ ಇದೆ. ಅದರಿಂದ ಹೆಚ್ಚು ಲಾಭವಾದದ್ದು ಹೊಸಬರಿಗೆ. ಎರಿಕ್ ಬ್ರಿನ್‌ಜಾಲ್ಫ್‌ಸನ್ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ, ಐದು ಸಾವಿರಕ್ಕೂ ಹೆಚ್ಚು ಸಹಾಯವಾಣಿ ನೌಕರರ ಅಧ್ಯಯನದಲ್ಲೂ ಇದೇ ಕಂಡಿತು. ಗಂಟೆಗೆ ಪರಿಹರಿಸಿದ ಸಮಸ್ಯೆಗಳು ಸರಾಸರಿ ಶೇ. 14ರಷ್ಟು ಹೆಚ್ಚಿದವು, ಹೊಸಬರಲ್ಲಿ ಶೇ. 34ರಷ್ಟು. ಪಳಗಿದವರಲ್ಲಿ ಹೆಚ್ಚಿನ ಬದಲಾವಣೆ ಇರಲಿಲ್ಲ. ಇದನ್ನು ಓದಿ ಪಳಗಿದವರಿಗೆ ಬೆಲೆ ಇಲ್ಲ ಎಂದುಕೊಳ್ಳಬೇಡಿ. ಆ ಯಂತ್ರ ಹೊಸಬರಿಗೆ ಹೇಳಿಕೊಟ್ಟದ್ದು ಪಳಗಿದವರ ಸಂಭಾಷಣೆಗಳಿಂದ ಹೆಕ್ಕಿದ್ದನ್ನೇ. ಅವರು ಹೊಸ ಸಮಸ್ಯೆಗಳನ್ನು ಬಿಡಿಸುವುದು ನಿಲ್ಲಿಸಿದರೆ ಅದಕ್ಕೆ ಕಲಿಯಲು ಏನೂ ಉಳಿಯದು. ನಮ್ಮಲ್ಲಿ ಸಿಟ್ಟಿನಿಂದ ನಡುಗುತ್ತಾ ಮಾತನಾಡುವ ಗ್ರಾಹಕರ ಕರೆಯನ್ನು ಇಂದಿಗೂ ಒಬ್ಬ ಹಿರಿಯ ಸಹೋದ್ಯೋಗಿಗೇ ಕೊಡುತ್ತೇವೆ. ಅವರು ಮೊದಲ ಒಂದು ನಿಮಿಷ ಸುಮ್ಮನೆ ಕೇಳಿಸಿಕೊಳ್ಳುತ್ತಾರೆ.

ಹುದ್ದೆ ಕಳೆದುಕೊಂಡವನು

ಇಲ್ಲಿ ಎಲ್ಲರೂ ಒಳ್ಳೆಯದನ್ನೇ ಹೇಳುತ್ತಿದ್ದಾರೆ, ನನ್ನದನ್ನೂ ಕೇಳಿ. ನಾನು ನಮೂನೆಗಳಲ್ಲಿನ ವಿವರಗಳನ್ನು ಕಂಪ್ಯೂಟರಿಗೆ ಟೈಪ್ ಮಾಡುತ್ತಿದ್ದೆ. ಬೇರೆ ಯಾವ ಕೆಲಸವನ್ನೂ ನನಗೆ ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಆ ಹುದ್ದೆ ಹೋಯಿತು. ನಾಲ್ಕು ತಿಂಗಳು ಕಷ್ಟಪಟ್ಟೆ. ಈಗ ಅದೇ ಬಗೆಯ ಇನ್ನೊಂದು ಕಚೇರಿಯಲ್ಲಿ, ಯಂತ್ರ ಓದಲಾಗದೆ ಬದಿಗಿಟ್ಟ ನಮೂನೆಗಳನ್ನು ನೋಡಿ, ಸಂಬಂಧಪಟ್ಟವರಿಗೆ ಕರೆ ಮಾಡಿ ಸರಿಪಡಿಸುತ್ತೇನೆ. ಮೊದಲಿಗಿಂತ ಈ ಕೆಲಸ ನನಗೆ ಹಿಡಿಸಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2023ರ ವರದಿ ಕೂಡ ಈ ಬದಲಾವಣೆ ಹೆಚ್ಚು ತಟ್ಟುವುದು ಗುಮಾಸ್ತರ ಕೆಲಸಕ್ಕೆ ಎಂದಿತ್ತು. ಹೆಚ್ಚಿನ ಉದ್ಯೋಗಗಳಲ್ಲಿ ಎಐ ಕೆಲಸದ ಒಂದು ಭಾಗಕ್ಕೆ ನೆರವಾಗುತ್ತದೆಯೇ ಹೊರತು ಪೂರ್ತಿ ಜಾಗ ಹಿಡಿಯುವುದಿಲ್ಲ ಎಂದೂ ಅದೇ ವರದಿ ಹೇಳಿತ್ತು. ನಿಮ್ಮದು ತಾಳೆ ನೋಡುವ ಕೆಲಸ, ನನ್ನದು ಬರೀ ನಕಲು ಮಾಡುವ ಕೆಲಸವಾಗಿತ್ತು. ಈ ವ್ಯತ್ಯಾಸ ದೊಡ್ಡದು. ಹೆದರಿ ಕುಳಿತ ನಾಲ್ಕು ತಿಂಗಳು ನನಗೆ ಏನನ್ನೂ ಕೊಡಲಿಲ್ಲ.

ನಿಮ್ಮಂಥದ್ದೇ ವಿಭಾಗದ ಮುಖ್ಯಸ್ಥೆ

ನಮ್ಮಲ್ಲಿ ಬಿಲ್ಲು ಓದುವ ವ್ಯವಸ್ಥೆ ಬಂದು ಎರಡು ವರ್ಷವಾಯಿತು. ನಿಮಗೆ ನೇರವಾಗಿ ಉಪಯೋಗಕ್ಕೆ ಬರುವುದು ಬಹುಶಃ ನನ್ನ ಅನುಭವ, ಹಾಗಾಗಿ ವಿವರವಾಗಿ ಬರೆಯುತ್ತೇನೆ.

ಮೊದಲ ತಿಂಗಳು ಕೆಲಸ ಹೆಚ್ಚಾಯಿತು. ಕೈಬರಹದ ಬಿಲ್ಲುಗಳಲ್ಲಿ 1 ಮತ್ತು 7 ಅದಲುಬದಲಾದವು. ಎರಡು ಪುಟದ ಬಿಲ್ಲನ್ನು ಎರಡು ಬಿಲ್ಲು ಎಂದು ಓದಿತು. ಇಂಥವನ್ನೆಲ್ಲ ಹಿಡಿದು ಪಟ್ಟಿ ಮಾಡಿದವರು ವಿಭಾಗದ ಅತಿ ಹಿರಿಯ ಸಹೋದ್ಯೋಗಿ. ನಿಮಗಿಂತ ಹಿರಿಯರು, ಪ್ರೋಗ್ರಾಮಿಂಗ್ ಒಂದಕ್ಷರ ಬಾರದವರು. ಮೂರನೆಯ ತಿಂಗಳಿಗೆ ವ್ಯವಸ್ಥೆ ತಂದವರು ಎಲ್ಲ ಪ್ರಶ್ನೆಗಳಿಗೂ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು.

ಆರನೆಯ ತಿಂಗಳಲ್ಲಿ ಒಂದು ಬಿಲ್ಲು ಬಂತು. ಹಳೆಯ ಪೂರೈಕೆದಾರರು, ಮೊತ್ತ ಆದೇಶಕ್ಕೆ ಸರಿಹೊಂದುತ್ತದೆ, ತೆರಿಗೆ ಲೆಕ್ಕ ಸರಿ. ಜೊತೆಗೆ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇಲ್ಲಿಗೆ ಕಳುಹಿಸಿ" ಎಂಬ ಪತ್ರ. ಯಂತ್ರ ಎಲ್ಲವನ್ನೂ ತಪ್ಪಿಲ್ಲದೆ ಓದಿ ಹಸಿರು ಗುರುತು ಹಾಕಿತು. ನಮ್ಮ ಹಿರಿಯರು ಪತ್ರವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. "ಇವರು ಎಂದೂ ಹೀಗೆ ಅವಸರದ ಪತ್ರ ಬರೆದವರಲ್ಲ" ಎಂದರು. ಪತ್ರದಲ್ಲಿದ್ದ ಫೋನ್ ಸಂಖ್ಯೆಗೆ ಕರೆ ಮಾಡದೆ, ಹಳೆಯ ಕಡತದಲ್ಲಿದ್ದ ಸಂಖ್ಯೆಗೆ ಮಾಡಿದರು. ಆ ಪೂರೈಕೆದಾರರು ಖಾತೆ ಬದಲಿಸಿಯೇ ಇರಲಿಲ್ಲ, ಪತ್ರ ವಂಚಕರದು. ಅಂದಿನಿಂದ ಖಾತೆ ಬದಲಾವಣೆಯ ಯಾವ ಪತ್ರವೂ ನೇರವಾಗಿ ಮುಂದೆ ಹೋಗುವುದಿಲ್ಲ, ಮನುಷ್ಯರೊಬ್ಬರು ಹಳೆಯ ಸಂಖ್ಯೆಗೆ ಕರೆ ಮಾಡಲೇಬೇಕು ಎಂಬುದು ನಮ್ಮ ನಿಯಮ.

ವಿಭಾಗದಲ್ಲಿ ಆಗ ಏಳು ಮಂದಿ ಇದ್ದೆವು, ಈಗ ಆರು. ಒಬ್ಬರು ನಿವೃತ್ತರಾದಾಗ ಆ ಜಾಗ ತುಂಬಲಿಲ್ಲ. ತಿಂಗಳ ಕೊನೆಯ ವಾರ ರಾತ್ರಿ ಒಂಬತ್ತರವರೆಗೆ ಕುಳಿತುಕೊಳ್ಳುವುದು ನಿಂತಿದೆ.

ನಿಮಗೆ ನನ್ನ ಸಲಹೆ. ಒಂದು ವಾರ ನೀವು ಮಾಡುವುದನ್ನೆಲ್ಲ ಸಣ್ಣ ಸಣ್ಣ ಕೆಲಸಗಳಾಗಿ ಬರೆದಿಡಿ, ಫೋನಿನಲ್ಲಿ ಬಗೆಹರಿಸಿದ ತಕರಾರನ್ನೂ ಬಿಡದೆ. ನಮ್ಮ ಕೆಲಸ ಎಂದರೆ ಒಂದೇ ಉಂಡೆ ಎಂದುಕೊಂಡಾಗ ಭಯವಾಗುತ್ತದೆ, ಬಿಡಿಸಿ ಹರಡಿದಾಗ ಯಂತ್ರ ಎತ್ತಿಕೊಳ್ಳುವುದು ಯಾವುದು ಎಂದು ಕಣ್ಣಿಗೆ ಕಾಣುತ್ತದೆ. ಮುಂದಿನ ಸಭೆಯಲ್ಲಿ ಕೇಳಿ: ಯಂತ್ರ ತಪ್ಪಿದರೆ ಹೊಣೆ ಯಾರದು, ಅದು ಒಪ್ಪಿದ ಬಿಲ್ಲನ್ನು ತಡೆಹಿಡಿಯುವ ಅಧಿಕಾರ ನಮಗಿದೆಯೇ, ತರಬೇತಿ ಕಚೇರಿ ಸಮಯದಲ್ಲೇ ಕೊಡುತ್ತೀರಾ. ಉತ್ತರವನ್ನು ಬರಹದಲ್ಲಿ ಪಡೆಯಿರಿ. ಈ ನಡುವೆ ಉಚಿತವಾಗಿ ಸಿಗುವ ಯಾವುದಾದರೂ ಎಐಯನ್ನು ತೆರೆದು ನೋಡಿ, ಕನ್ನಡದಲ್ಲೇ ಕೇಳಬಹುದು. ಆದರೆ ಕಚೇರಿಯ ನಿಜವಾದ ಬಿಲ್ಲನ್ನಾಗಲಿ, ಖಾತೆ ಸಂಖ್ಯೆಯನ್ನಾಗಲಿ ಅದಕ್ಕೆ ಕೊಡಬೇಡಿ. ನೀವೇ ಒಂದು ಕಲ್ಪಿತ ಬಿಲ್ಲು ಬರೆದು, ಅದರಲ್ಲಿ ಬೇಕೆಂದೇ ಒಂದು ತಪ್ಪು ಇಟ್ಟು, ಹಿಡಿಯುತ್ತದೆಯೇ ನೋಡಿ.

ಪ್ರಶ್ನೆ ಕೇಳಿದವರು, ಹತ್ತು ದಿನಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಹುದ್ದೆ ಕಳೆದುಕೊಂಡ ಅಣ್ಣನವರು ಬರೆದದ್ದನ್ನು ಎರಡು ಸಲ ಓದಿದೆ. ಅದನ್ನು ಹೇಳಿದ್ದಕ್ಕೇ ಉಳಿದ ಮಾತುಗಳನ್ನೂ ನಂಬಲು ಸಾಧ್ಯವಾಯಿತು.

ಒಂದು ವಾರ ಬರೆದಿಟ್ಟೆ. ಒಟ್ಟು 31 ಬಗೆಯ ಕೆಲಸಗಳಾದವು. ನಾನು ಒಂದೋ ಎರಡೋ ಕೆಲಸ ಮಾಡುತ್ತೇನೆ ಎಂದುಕೊಂಡಿದ್ದೆ. ಬಿಲ್ಲು ಓದಿ ಅಂಕಿ ತುಂಬುವುದಕ್ಕೆ ಸಂಬಂಧಿಸಿದ್ದು ಅದರಲ್ಲಿ 8. ಉಳಿದವುಗಳಲ್ಲಿ ಹೆಚ್ಚಿನವು ಯಾರನ್ನೋ ಏನನ್ನೋ ಕೇಳುವುದು, ನೆನಪಿಸುವುದು, ಇಲ್ಲವೇ ಒಂದು ಬಿಲ್ಲನ್ನು ಬದಿಗಿಟ್ಟು ಯೋಚಿಸುವುದು.

ಕಲ್ಪಿತ ಬಿಲ್ಲನ್ನೂ ಕೊಟ್ಟು ನೋಡಿದೆ. ಮೊತ್ತ ಕೂಡುವುದರಲ್ಲಿ ನಾನಿಟ್ಟ ತಪ್ಪನ್ನು ಕೂಡಲೇ ಹಿಡಿಯಿತು, ನನಗೆ ಖುಷಿಯೇ ಆಯಿತು. ಅದೇ ಬಿಲ್ಲಿನಲ್ಲಿ ಹನ್ನೆರಡು ಮಂದಿಯ ಕಚೇರಿಗೆ ನಾನೂರು ಕುರ್ಚಿ ಎಂದು ಬರೆದಿದ್ದೆ. ಅದರ ಬಗ್ಗೆ ಏನೂ ಹೇಳಲಿಲ್ಲ. ನಾನು ಕೇಳಿದ ಮೇಲೆ ಒಪ್ಪಿಕೊಂಡಿತು.

ನಿನ್ನೆ ಸಭೆಯಲ್ಲಿ ಆ ಮೂರು ಪ್ರಶ್ನೆ ಕೇಳಿದೆ. ಎರಡಕ್ಕೆ ಉತ್ತರ ಸಿಕ್ಕಿತು, ಹೊಣೆಯ ಪ್ರಶ್ನೆಗೆ ಮುಂದಿನ ವಾರ ಹೇಳುತ್ತೇವೆ ಎಂದರು. ಪ್ರಾಯೋಗಿಕವಾಗಿ ನಡೆಸಿ ನೋಡುವ ತಂಡಕ್ಕೆ ಹೆಸರು ಕೇಳಿದಾಗ ನಾನು ಕೈಯೆತ್ತಿದೆ.