ಅಪ್‌ಡೇಟ್: ಪ್ಲಾಸ್ಟಿಕ್ ಹೊದಿಕೆಯ ಒಳಗೇ ಜಾಸ್ತಿ ತಂಪು ಯಾಕೆ?

ಮಟ್ಟುಗುಳ್ಳ ಬದನೆಯ ಸಸಿಮಡಿಗೆ ಪ್ಲಾಸ್ಟಿಕ್ ಹೊದಿಸಿದ್ದರೂ ಬೆಳಗಿನ ಜಾವ ಒಳಗೇ ಜಾಸ್ತಿ ತಂಪು ಯಾಕೆ ಅಂತ ಹೋದ ವಾರ ಕೇಳಿದ್ದೆ, ಅಲ್ವಾ? ಥರ್ಮಾಮೀಟರ್ ಹಾಳಾಗಿದೆ ಅಂದವರೇ ಹೆಚ್ಚು. ಹಾಳಾಗಿರಲಿಲ್ಲ. ಇನ್ನೊಂದು ತಂದು, ಎರಡನ್ನೂ ಅದಲುಬದಲು ಮಾಡಿ ನೋಡಿದೆ. ಬೆಳಗ್ಗೆ 5 ಗಂಟೆಗೆ ಹೊರಗೆ 21 ಡಿಗ್ರಿ, ಒಳಗೆ 20.

ಕಾರಣ ಸಿಕ್ಕಿತು. ತೆಳು ಪಾಲಿಥೀನ್ ನೆಲದ ಶಾಖದ ಕಿರಣಗಳನ್ನು ಅಷ್ಟಾಗಿ ತಡೆಯುವುದಿಲ್ಲ, ಆಕಾಶಕ್ಕೆ ಬಿಟ್ಟುಬಿಡುತ್ತದೆ. ಹೊರಗಿನ ಬೆಚ್ಚನೆ ಗಾಳಿಯನ್ನು ಮಾತ್ರ ಒಳಗೆ ಬಿಡುವುದಿಲ್ಲ! ಮೋಡವಿದ್ದ ರಾತ್ರಿ ವ್ಯತ್ಯಾಸವೇ ಇರಲಿಲ್ಲ. ಒಳಮೈಗೆ ನೀರಹನಿ ದಟ್ಟವಾಗಿ ಕೂತ ದಿನವೂ ಅಷ್ಟೆ. ನೀರು ಆ ಕಿರಣಗಳನ್ನು ಹೀರಿಕೊಳ್ಳುತ್ತದೆ.

ಈಗ ಸಂಜೆ ಮೇಲಿಂದ ನಾಲ್ಕು ತೆಂಗಿನ ಮಡಲು ಹಾಸುತ್ತಿದ್ದೇನೆ. ಉಡುಪಿಯ ಚಳಿಗೆ ಸಸಿ ಸಾಯುವುದೇನಿಲ್ಲ ಬಿಡಿ, ಸುಮ್ನೆ ತಲೆ ಕೊರೆಯುತ್ತಿತ್ತು.