ಮಟ್ಟಿಗೆ ಮಾತು ಕೂರಿಸುವವರನ್ನು ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಒಂದು ಪದ ಬೇಕಾಗಿದೆ. ಹಾಂಗ್‌ಕಾಂಗಿನ ಜೇಮ್ಸ್ ವಾಂಗ್ ಬಗ್ಗೆ ಬರೆಯುತ್ತಿದ್ದೇನೆ. ಅಲ್ಲಿನ ಆಡುಭಾಷೆಯಾದ ಕ್ಯಾಂಟನೀಸಿನ ಪಾಪ್ ಹಾಡು ಕೇಳುವವರಿಗೆ ಈ ಹೆಸರು ಗೊತ್ತಿರುತ್ತದೆ. 'ವಾಂಗ್ ದೊಡ್ಡ ಗೀತರಚನೆಕಾರರು' ಅಂತ ಮೊದಲ ಸಾಲು ಬರೆದೆ. ಅಲ್ಲೇ ಸಿಕ್ಕಿಕೊಂಡೆ.

ಅವರ ಊರಿನಲ್ಲಿ ಈ ಕೆಲಸಕ್ಕೆ 'ತಿನ್ ಚೀ' ಅನ್ನುತ್ತಾರೆ. 'ತಿನ್' ಅಂದರೆ ತುಂಬು. 'ಚೀ' ಅಂದರೆ ಮಾತು. ಒಂದು ಬಗೆಯ ಹಳೇ ಪದ್ಯಕ್ಕೂ 'ಚೀ' ಅಂತಲೇ ಹೆಸರು. ಸುಮಾರು ಸಾವಿರ ವರ್ಷದ ಹಿಂದೆ, ಚೀನಾದ ಸಾಂಗ್ ಅರಸರ ಕಾಲದ ಕವಿಗಳು ಮೊದಲೇ ಇದ್ದ ಮಟ್ಟುಗಳಿಗೆ ಈ ಪದ್ಯ ತುಂಬುತ್ತಿದ್ದರು. ಅದೇ ಮಾತು ಇವತ್ತಿನ ಪಾಪ್ ಹಾಡಿಗೂ ಉಳಿದುಕೊಂಡಿದೆ. ಮಟ್ಟು ಮೊದಲು, ಮಾತು ಆಮೇಲೆ. ನಮ್ಮ 'ರಚನೆ'ಯಲ್ಲಿ ಇದು ಕಾಣುವುದೇ ಇಲ್ಲ.

ಟ್ಯೂನ್‌ಗೆ ಬರೆಯುವುದು ನಮ್ಮ ಸಿನಿಮಾದಲ್ಲೂ ಇದೆ ಅಲ್ವಾ? ಇದೆ. ಆದರೆ ನಮಗೆ ಗುರು ಲಘು ಹೊಂದಿ, ಉಸಿರಿಗೆ ಜಾಗ ಸಿಕ್ಕರೆ ಹಾಡು ನಡೆಯುತ್ತದೆ. ಕ್ಯಾಂಟನೀಸಿನಲ್ಲಿ ದನಿಯ ಏರಿಳಿತ ಬದಲಾದರೆ ಅರ್ಥವೇ ಬದಲು. 'ಸಿ' ಅನ್ನುವುದನ್ನೇ ಆರು ದನಿಯಲ್ಲಿ ಹೇಳಿದರೆ ಕವಿತೆ, ಇತಿಹಾಸ, ಪ್ರಯತ್ನ, ಕಾಲ, ಸಂತೆ, ಸಂಗತಿ ಅಂತ ಆರು ಮಾತು. ರಾಗ ಏರುವ ಕಡೆ ಕೆಳದನಿಯ ಮಾತಿಟ್ಟರೆ ಕೇಳುವವರ ಕಿವಿಗೆ ಬೇರೇನೋ ಬೀಳುತ್ತದೆ. ಅದಕ್ಕೇ ಅಲ್ಲಿ ಮಟ್ಟನ್ನು 0, 2, 4, 3 ಅಂಕಿಗಳಲ್ಲಿ ಗುರುತು ಹಾಕಿಕೊಳ್ಳುವ ರೂಢಿಯಿದೆ. ಆ ಅಂಕಿಗಳ ಕ್ಯಾಂಟನೀಸ್ ಹೆಸರು ಇದೇ ಸಾಲಿನಲ್ಲಿ ಹೇಳಿದರೆ ದನಿ ಮೆಟ್ಟಿಲು ಹತ್ತಿದ ಹಾಗೆ ಏರುತ್ತದೆ. 3 ಅಂತ ಗುರುತಿಟ್ಟ ಜಾಗಕ್ಕೆ ಆ ಮೇಲ್ದನಿಯ ಮಾತೇ ಬೇಕು.

ಶಾಂಘೈನಲ್ಲಿ ನಡೆಯುವ ಕಥೆಯ, 1980ರ 'ದಿ ಬಂಡ್' ಟಿವಿ ಧಾರಾವಾಹಿಯ ಹಾಡು ಕೇಳಿ. ಮಟ್ಟು ಜೋಸೆಫ್ ಕೂ ಅವರದು, ಮಾತು ವಾಂಗ್ ಅವರದು, ಹಾಡಿದವರು ಫ್ರಾನ್ಸಿಸ್ ಯಿಪ್. ಶುರುವಿನಲ್ಲೇ 'ಲಾಂಗ್ ಬನ್, ಲಾಂಗ್ ಲೌ' ಅಂತ ಬರುತ್ತದೆ. ಅಲೆ ಓಡುತ್ತದೆ, ಅಲೆ ಹರಿಯುತ್ತದೆ. 'ಬನ್' ಮೇಲ್ದನಿ, ಅಲ್ಲಿ ರಾಗ ಏರುತ್ತದೆ. 'ಲೌ' ತೀರಾ ಕೆಳದನಿ, ಅಲ್ಲಿ ರಾಗ ಇಳಿಯುತ್ತದೆ. ಬರೆಯುವಾಗ ವಾಂಗ್ ಶಾಂಘೈ ನೋಡಿರಲಿಲ್ಲ. ಮಟ್ಟಿನಲ್ಲೇ ಅವರಿಗೆ ಅಲೆ ಕೇಳಿಸಿರಬೇಕು ಅಂತ ನನಗೆ ಅನ್ನಿಸುತ್ತದೆ. ಎಷ್ಟು ಸಲ ಕೇಳಿದರೂ ಆ ಎರಡು ತುಣುಕಿಗೆ ಮೈ ಜುಮ್ಮೆನ್ನುತ್ತದೆ.

ವಾಂಗ್ ಹುಟ್ಟಿದ್ದು 1941ರಲ್ಲಿ, ಚೀನಾದ ಗುವಾಂಗ್‌ಝೌನಲ್ಲಿ. 1949ರಲ್ಲಿ ಹಾಂಗ್‌ಕಾಂಗಿಗೆ ಬಂದರು. ಹಾಂಗ್‌ಕಾಂಗ್ ವಿಶ್ವವಿದ್ಯಾಲಯದಲ್ಲಿ ಚೀನೀ ಸಾಹಿತ್ಯ ಓದಿದರು, ಜಾಹೀರಾತಿನ ಕೆಲಸ ಮಾಡಿದರು. ಅರವತ್ತು ದಾಟಿದ ಮೇಲೆ ಕ್ಯಾಂಟನೀಸ್ ಪಾಪ್ ಹಾಡಿನ ಏಳುಬೀಳಿನ ಮೇಲೇ ಪಿಎಚ್‌ಡಿ ಮಾಡಿದರು. ಮರುವರ್ಷವೇ, 2004ರಲ್ಲಿ, ತೀರಿಕೊಂಡರು.

ಇನ್ನೊಂದು ತೊಡಕು. 1990ರ 'ಸ್ವೋರ್ಡ್ಸ್‌ಮನ್' ಸಿನಿಮಾದ ಹೆಸರುವಾಸಿ ಹಾಡಿಗೆ ಮಟ್ಟೂ ಮಾತೂ ಎರಡೂ ಅವರದೇ. ಅಲ್ಲಿ 'ಗೀತರಚನೆಕಾರ' ಸರಿಯಾಗಿಯೇ ಕೂರುತ್ತದೆ. ಜೋಸೆಫ್ ಕೂ ಜೊತೆಗಿನ ಹಾಡುಗಳಿಗೆ ಕೂರುವುದಿಲ್ಲ. ಕ್ಯಾಂಟನೀಸಿನಲ್ಲಿ ಮಟ್ಟು ಹಾಕುವುದಕ್ಕೆ ಒಂದು ಹೆಸರು, ಮಾತು ಕೂರಿಸುವುದಕ್ಕೆ ಇನ್ನೊಂದು ಹೆಸರು.

'ಪದ ತುಂಬುವವರು' ಅಂದರೆ ಚೀಲ ತುಂಬಿದ ಹಾಗೆ ಕೇಳಿಸುತ್ತದೆ. 'ಭರ್ತಿ' ಅಂತೂ ಅರ್ಜಿ ಫಾರಂ ನೆನಪಿಸುತ್ತದೆ. 'ಪದ ಕಟ್ಟು' ಚೆಂದದ ಮಾತು, ಆದರೆ ಅದರಲ್ಲಿ ಮಟ್ಟೂ ಸೇರಿಬಿಡುತ್ತದೆ. 'ಪದ ಕೂರಿಸು' ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದೆ. ಅಳತೆಯೂ ಇದೆ, ನಾಜೂಕೂ ಇದೆ. ಆದರೆ ಅದರಿಂದ ಆಳಿನ ಹೆಸರು ಹೇಗೆ ಮಾಡುವುದು? 'ಪದಗಾರ' ಅಂದರೆ ಹಾಡುವವನಾಗುತ್ತಾನೆ.

ಯಕ್ಷಗಾನ ಬಲ್ಲವರನ್ನು ವಿಶೇಷವಾಗಿ ಕೇಳುತ್ತೇನೆ. ಇಂಥ ಮಟ್ಟಿಗೆ ಪದ್ಯ ಬರೆದರು ಅನ್ನುವಾಗ ನಿಮ್ಮ ಕಡೆ ಆಡುಮಾತಿನಲ್ಲಿ ಬಳಸುವ ಕ್ರಿಯಾಪದ ಯಾವುದು? ಹಾಗೆ ಬರೆಯುವವರಿಗೆ ಅಂತ ಬೇರೆ ಹೆಸರೇನಾದರೂ ಇದೆಯಾ?