ಶೋಭಾ, ಆ 6 ಎಂಎಂ ಸೆಟ್ ಈಗ ತರಿಸಬ್ಯಾಡ

ಶೋಭಾ, ನಿನ್ನೆ ಕೇಳಿದ್ದಿಯಲ್ಲ, ಮನಿ ಮಷೀನಿನ ಮ್ಯಾಲೆ ರೂಲರ್, ಅಂದ್ರ ಗೆರಿ ಹಿಡಿಲಿಕ್ಕೆ ಇಡೋ ದಪ್ಪ ಪಟ್ಟಿ, ಇಟ್ಟು ಕ್ವಿಲ್ಟ್ ಹೊಲಿಲಿಕ್ಕೆ ಬರ್ತದೇನು, ಆನ್‌ಲೈನಿನ್ಯಾಗ 6 ಎಂಎಂ ರೂಲರ್ ಸೆಟ್ ನೋಡೀನಿ, ತರಸಲೇನು ಅಂತ. ಟೈಪ್ ಮಾಡಕೋತ ಕೂತ್ರ ಮುಗಿಯೂದಿಲ್ಲ, ಮಾತಾಡೇ ಹೇಳ್ತೀನಿ. ಸ್ವಲ್ಪ ಉದ್ದ ಆಗ್ತದ, ಪುರಸೊತ್ತು ಇದ್ದಾಗ ಕೇಳು.

ಬರ್ತದವಾ, ಛಲೋತಂಗ ಬರ್ತದ. ಆದ್ರ ಆ ಸೆಟ್ ಸದ್ಯ ಬ್ಯಾಡ. 6 ಎಂಎಂ ದಪ್ಪಂದು ದೊಡ್ಡ ಲಾಂಗ್‌ಆರ್ಮ್ ಮಷೀನಿಗೆ, ಹೈ ಶಾಂಕ್ ಮಷೀನಿಗೆ, ಅಂದ್ರ ಅರಿವಿ ಒತ್ತಿ ಹಿಡಿಯೋ ಫೂಟ್ ಸಿಗಸೋ ದಂಡಿ ಎತ್ತರ ಇರೋದಕ್ಕ, ಹೊಂದ್ತದ. ನಿಂದು ಉಷಾ ಜನೋಮ್, ಅಂಥಾ ಮನಿ ಮಷೀನು ಹೆಚ್ಚಾಗಿ ಲೋ ಶಾಂಕ್ ಇರ್ತಾವ. ಆದ್ರೂ ಒಮ್ಮೆ ಅಳದು ನೋಡು. ಫೂಟ್ ಕೆಳಗ ಇಳಿಸು, ಫೂಟ್ ಬಿಗಿ ಮಾಡೋ ಸ್ಕ್ರೂ ಅದಲ್ಲ, ಅದರ ನಡುವಿನಿಂದ ಕೆಳಗಿನ ಪ್ಲೇಟಿನ ತನಕ ಎಷ್ಟು ಬರ್ತದ ಅಂತ. ಅರ್ಧ ಇಂಚಿನಿಂದ ಮುಕ್ಕಾಲು ಇಂಚಿನ ಒಳಗ ಬಂದ್ರ ಲೋ ಶಾಂಕ್, ಒಂದಿಂಚು ಇಲ್ಲಾ ಅದಕ್ಕೂ ಹೆಚ್ಚು ಬಂದ್ರ ಹೈ. ಲೋ ಇದ್ರ 3 ಎಂಎಂ ಇಲ್ಲಾ 4.5 ಎಂಎಂ ರೂಲರ್ ಸಾಕು. ಅದಕ್ಕೂ ದಪ್ಪ ಇಟ್ರ, ಸೂಜಿ ಹಿಡಿಯೋ ಕ್ಲ್ಯಾಂಪ್ ಕೆಳಗ ಬರೂ ಹೊತ್ತಿಗೆ ರೂಲರಿಗೇ ಬಡೀತದ.

ಇನ್ನ ಅರಿವಿ ಕಟ್ ಮಾಡೋ ತೆಳು ಸ್ಕೇಲ್ ಅದಲ್ಲ, ಅದನ್ನ ಅಂತೂ ಸೂಜಿ ಹತ್ರ ತರಲೇಬ್ಯಾಡ. ಫೂಟಿನ ಕೆಳಗ ಸರಕ್ಕನೆ ಜಾರ್ತದ, ಸೂಜಿ ಬಡದು ಮುರೀತದ, ಚೂರು ಕಣ್ಣಿಗೆ ಹಾರ್ತದ. ಅದಕ್ಕಂತಲೇ ರೂಲರ್ ಫೂಟ್ ಬ್ಯಾರೆ ಬರ್ತದ, ಸುತ್ತಲೂ ಎತ್ತರದ ದಪ್ಪ ಅಂಚು ಇರ್ತದ. ರೂಲರಿಗಿಂತ ಮೊದಲ ಅದು ಬೇಕು. ಗುಂಡಗ, ಅರ್ಧ ಇಂಚು ಅಗಲ, ಸೂಜಿ ನಟ್ಟನಡುವ ಇಳೀತದ. ಅಂದ್ರ ರೂಲರ್ ಅಂಚಿನಿಂದ ಕಾಲಿಂಚು ದೂರ ಹೊಲಿಗಿ ಬೀಳ್ತದ. ಗೆರಿ ಎಲ್ಲಿ ಬೇಕೋ ಅಲ್ಲಿಂದ ಕಾಲಿಂಚು ಬಿಟ್ಟು ರೂಲರ್ ಇಡಬೇಕು, ಈ ಲೆಕ್ಕ ಕೈಗೆ ಹತ್ತಿತಂದ್ರ ಅರ್ಧ ಕೆಲಸ ಬಂದಂಗ.

ಅರಿವಿ ಮುಂದ ದೂಡೋ ಮಷೀನಿನ ಹಲ್ಲು ಕೆಳಗ ಇಳಿಸಬೇಕು. ಕೆಲವು ಮಾಡೆಲ್ಲಿಗೆ ಇಳಿಸೋ ಗುಂಡಿ ಇರೂದಿಲ್ಲ, ಮ್ಯಾಲೆ ಮುಚ್ಚೋ ಪ್ಲೇಟ್ ಕೊಟ್ಟಿರ್ತಾರ. 90 ನಂಬರ್ ಸೂಜಿ ಹಾಕು. ಫೂಟ್ ಇಳಿಸಿ ರೂಲರ್ ಹಚ್ಚಿ, ಮೊದಲ ಕೈಲೇ ಚಕ್ರ ಪೂರ್ತಿ ಒಂದು ಸುತ್ತು ತಿರುಗಿಸು. ಎಲ್ಲೂ ತಾಕಲಿಲ್ಲಂದ್ರ ಮಾತ್ರ ಪೆಡಲ್ ಒತ್ತು.

ಈಗ ಕೈ. ಲಾಂಗ್‌ಆರ್ಮಿನ್ಯಾಗ ಅರಿವಿ ಕದಲೂದಿಲ್ಲ, ಮಷೀನೇ ಓಡಾಡ್ತದ. ನಮ್ಮಲ್ಲಿ ಸೂಜಿ ನಿಂತಲ್ಲೇ ನಿಂತಿರ್ತದ, ಅರಿವಿ ಮತ್ತ ರೂಲರ್ ಎರಡೂ ಕೂಡೇ ಸರೀಬೇಕು. ಅದಕ್ಕ ಎಡಗೈ ಅಗಲಿಸಿ, ನಾಕು ಬೆರಳು ರೂಲರ್ ಮ್ಯಾಲೆ, ಒಂದು ಬೆರಳು ಅರಿವಿ ಮ್ಯಾಲೆ ಇಡು. ಕೆಳಗ ಒತ್ತು, ಫೂಟಿನ ಕಡೆ ಭಾಳ ನೂಕಬ್ಯಾಡ, ಬರೇ ತಾಕಿದ್ರ ಸಾಕು. ರೂಲರ್ ಜಾರ್ತಿದ್ರ ಹಿಂದ ನುಣುಪು ಉಸುಕಿನ ಕಾಗದದ ಪಟ್ಟಿ ಅಂಟಿಸು. ರೂಲರ್ ಮುಂದ ಸರಿಸೂದಿದ್ರ ಪ್ರತಿ ಸಲ ಸೂಜಿ ಅರಿವ್ಯಾಗ ಇಳಿಸೇ ಸರಿಸು. ಮತ್ತ 12 ಇಂಚಿನ ರೂಲರ್ ಮನಿ ಮಷೀನಿಗೆ ಹಿಡಿತಕ್ಕ ಸಿಗೂದಿಲ್ಲ, 6 ಇಂಚಿಂದು ಛಲೋ. ಮಷೀನಿನ ಸುತ್ತ ಅದರ ಮಟ್ಟಕ್ಕ ಥರ್ಮೊಕೋಲ್ ಇಟ್ಟು ಸಪಾಟ ಮಾಡ್ಕೋ, ಇಲ್ಲಂದ್ರ ರೂಲರ್ ಅಂಚಿಗೆ ಬಂದಾಗ ಡೋಲಾಯಿಸ್ತದ, ಕ್ವಿಲ್ಟಿನ ಭಾರ ಕೆಳಗ ಜಗ್ತದ.

ಇನ್ನೊಂದು ಮಾತು, ನಿನಗ ಕೌದಿ ಹೊಲಿಯೂದು ಗೊತ್ತದ ಅಂತ ಹೇಳ್ತೀನಿ. ಹಳ್ಯಾಳ, ಯಲ್ಲಾಪುರದ ಕಡೆ ಸಿದ್ದಿ ಸಮಾಜದ ಹೆಣ್ಮಕ್ಕಳು ಕೌದೀನ ಮೂಲಿಯಿಂದ ಸುರು ಮಾಡಿ, ಸುತ್ತ ಸುತ್ತ ಬಂದು ನಡುವ ಮುಗಸ್ತಾರ. ಎಷ್ಟು ಚಂದ ಬರ್ತದ ಅದು! ಕೈಲೇ ಹೊಲಿಯೂವಾಗ ಹೆಜ್ಜಿ ಹೆಜ್ಜಿಗೂ ಅರಿವಿ ಸವರಕೋತ ಹೋಗಬಹುದು. ಮಷೀನಿನ್ಯಾಗ ಹಂಗ ಮಾಡಿದ್ರ ಸುಕ್ಕೆಲ್ಲಾ ನಡುವ ಬಂದು ಗಂಟಾಗ್ತದ. ಇಲ್ಲಿ ನಡುವಿನಿಂದ ಸುರು ಮಾಡಿ ಹೊರಗಿನ ಕಡೆ ಬರಬೇಕು.

ಕಲಿಲಿಕ್ಕೆ ಹಳೀ ಕಾಟನ್ ಸೀರಿ ಎರಡು ಪದರ, ನಡುವ ಹಳೀ ಚಾದರದ ತುಂಡು ಸಾಕು. ಬರೇ ನೆಟ್ಟಗಿನ ಗೆರಿ ಹೊಲಿ, ಡೊಂಕು ರೂಲರ್ ಆಮ್ಯಾಲೆ. ಮೊದಲನೇ ಸಾಲು ಮುಗದ ಕೂಡಲೆ ತಿರುವಿ ಹಾಕಿ ನೋಡು. ಕೆಳಗಿನ ದಾರ ಗೆರಿ ಎಳದಂಗ ನೆಟ್ಟಗ ಮಲಗಿ, ಮ್ಯಾಲಿನ ದಾರದ ಕುಣಿಕಿ ಅಲ್ಲಿ ಕಾಣಸ್ತಿದ್ರ, ಮ್ಯಾಲಿನ ಟೆನ್ಷನ್ ಒಂಚೂರು ಬಿಗಿ ಮಾಡು. ಫೂಟಿನ ಸ್ಕ್ರೂದಿಂದ ಪ್ಲೇಟಿನ ತನಕದ ಆ ಅಳತಿ ಕಳಸು, ಯಾವ ಫೂಟ್ ತರಿಸಬೇಕಂತ ನೋಡಿ ಹೇಳ್ತೀನಿ.